ಸಾಯಲು ಒಪ್ಪದ ಕೋಶ

ಮಾರ್ಚ್ 14, 2025, ಶುಕ್ರವಾರ

ಇವತ್ತಿಡೀ ಲಿಂಫೋಮಾ (ಬಿಳಿ ರಕ್ತಕಣಗಳ ಒಂದು ಬಗೆಯ ಕ್ಯಾನ್ಸರ್) ಮತ್ತು ಕೋಶವನ್ನು ಸಾಯದಂತೆ ಕಾಯುವ ಬಿಸಿಎಲ್-2 ಪ್ರೋಟೀನ್ ಬಗ್ಗೆ ಓದುತ್ತಾ ಕೂತಿದ್ದೆ. ಕೀಮೋ ಕ್ಯಾನ್ಸರ್ ಕೋಶವನ್ನು ಕೊಲ್ಲುತ್ತದೆ ಅಂತ ಎಲ್ಲರೂ ಹೇಳುತ್ತೇವೆ, ಅಲ್ವಾ? ಅದು ಅರ್ಧ ಮಾತ್ರ ನಿಜ. ಕೀಮೋ ಔಷಧಿಗಳಲ್ಲಿ ಡಾಕ್ಸೊರುಬಿಸಿನ್ ಡಿಎನ್‌ಎಗೆ ಪೆಟ್ಟು ಕೊಡುತ್ತದೆ, ವಿನ್‌ಕ್ರಿಸ್ಟಿನ್ ಕೋಶ ಎರಡಾಗಲು ಬಿಡುವುದಿಲ್ಲ. ಅದಾದ ಮೇಲೆ ಸಾಯುವ ಕೆಲಸ ಹೆಚ್ಚಾಗಿ ಕೋಶದ್ದೇ. ಪಿ53 ಅನ್ನುವ ಕಾವಲು ಪ್ರೋಟೀನ್ ಹಾನಿಯನ್ನು ಗಮನಿಸುತ್ತದೆ, ಬ್ಯಾಕ್ಸ್ ಮತ್ತು ಬ್ಯಾಕ್ ಪ್ರೋಟೀನ್‌ಗಳು ಕೋಶಕ್ಕೆ ಶಕ್ತಿ ಒದಗಿಸುವ ಮೈಟೋಕಾಂಡ್ರಿಯಾದ ಹೊರಪೊರೆಗೆ ತೂತು ಹಾಕುತ್ತವೆ, ಅದರೊಳಗಿನ ಸೈಟೋಕ್ರೋಮ್ ಸಿ ಪ್ರೋಟೀನ್ ಹೊರಗೆ ಸೋರುತ್ತದೆ, ಆಮೇಲೆ ಕ್ಯಾಸ್ಪೇಸ್ ಅನ್ನುವ ಕಿಣ್ವಗಳು ಕೋಶವನ್ನು ಒಳಗಿನಿಂದಲೇ ತುಂಡು ತುಂಡು ಮಾಡುತ್ತವೆ. 1972ರಲ್ಲಿ ಇದಕ್ಕೆ ಅಪೊಪ್ಟೋಸಿಸ್ ಅಂತ ಹೆಸರು ಬಂತು. ಪಿ53 ಕೆಟ್ಟಿದ್ದರೆ ಔಷಧಿ ಎಷ್ಟೇ ಹೊಡೆದರೂ ಸಾಯುವ ಸುದ್ದಿ ಮುಂದಕ್ಕೆ ಹೋಗುವುದು ಕಷ್ಟ.

ಬಿಸಿಎಲ್-2 ಆ ತೂತು ಬೀಳದಂತೆ ತಡೆಯುತ್ತದೆ. ಫಾಲಿಕ್ಯುಲರ್ ಲಿಂಫೋಮಾ ಅನ್ನುವ ಬಗೆಯಲ್ಲಿ ಬಹುತೇಕ ರೋಗಿಗಳಿಗೆ 14 ಮತ್ತು 18ನೇ ಕ್ರೋಮೋಸೋಮ್‌ಗಳ ತುಂಡುಗಳು ಅದಲುಬದಲಾಗಿರುತ್ತವೆ. ಆಗ ಬಿಸಿಎಲ್-2 ತಯಾರಿಸುವ ಜೀನ್ ಪ್ರತಿಕಾಯ ತಯಾರಿಸುವ ಜೀನ್‌ನ ಪಕ್ಕಕ್ಕೆ ಬಂದು ಬೀಳುತ್ತದೆ. ಬಿ ಕೋಶ ಅನ್ನುವ ಬಿಳಿ ರಕ್ತಕಣದಲ್ಲಿ ಪ್ರತಿಕಾಯದ ಜೀನ್ ಸದಾ ಚಾಲೂ, ಹಾಗಾಗಿ ಇದೂ ಚಾಲೂ. 1988ರಲ್ಲಿ ಮೆಲ್ಬರ್ನ್‌ನ ವಿಜ್ಞಾನಿಗಳು ಈ ಜೀನ್ ಕೋಶವನ್ನು ಸಾಯಲು ಬಿಡುವುದಿಲ್ಲ ಅಂತ ತೋರಿಸಿದರು. ಕ್ಯಾನ್ಸರ್ ಜೀನ್ ಅಂದರೆ ಕೋಶವನ್ನು ಬೆಳೆಸುವ ಜೀನ್ ಅಂತಲೇ ನಂಬಿದ್ದ ಕಾಲ ಅದು.

ಇಷ್ಟು ಗೊತ್ತಾದ ಮೇಲೆ ಬಿಸಿಎಲ್-2 ಅನ್ನು ತಡೆದರೆ ಮುಗಿಯಿತು ಅನ್ನಿಸುತ್ತದೆ. ಆ ಕೆಲಸ ಮಾಡುವ ವೆನೆಟೊಕ್ಲಾಕ್ಸ್‌ಗೆ 2016ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. ಸಿಎಲ್‌ಎಲ್ ಅನ್ನುವ ರಕ್ತದ ಕ್ಯಾನ್ಸರ್‌ನಲ್ಲಿ ಒಳ್ಳೆಯ ಫಲ. ಆದರೆ ಯಾವ ಕಾಯಿಲೆಯಿಂದ ಬಿಸಿಎಲ್-2 ಪತ್ತೆಯಾಯಿತೋ ಆ ಫಾಲಿಕ್ಯುಲರ್ ಲಿಂಫೋಮಾದಲ್ಲಿ, ಈ ಮಾತ್ರೆಯೊಂದನ್ನೇ ಕೊಟ್ಟ ಮೊದಲ ಹಂತದ ಪ್ರಯೋಗದಲ್ಲಿ, ಗಡ್ಡೆ ಸಾಕಷ್ಟು ಕುಗ್ಗಿದ್ದು ಶೇ. 38ರಷ್ಟು ಮಂದಿಗೆ ಮಾತ್ರ. ದೊಡ್ಡ ಬಿ ಕೋಶದ ಲಿಂಫೋಮಾದಲ್ಲಿ ಇನ್ನೂ ಕಡಿಮೆ, ಶೇ. 18.

ನನ್ನನ್ನು ತುಂಬಾ ಹೊತ್ತು ಕಾಡಿದ್ದು ಇದೇ. ಪ್ರೋಟೀನ್ ಜಾಸ್ತಿ ಇರುವುದು ಬೇರೆ, ಕೋಶದ ಜೀವ ಅದರ ಮೇಲೆ ನಿಂತಿರುವುದು ಬೇರೆ. ಎಂಸಿಎಲ್-1, ಬಿಸಿಎಲ್-ಎಕ್ಸ್‌ಎಲ್ ಅಂತ ಅದರ ನೆಂಟರೂ ಇದ್ದಾರೆ. ಒಬ್ಬನನ್ನು ಕಟ್ಟಿಹಾಕಿದರೆ ಇನ್ನೊಬ್ಬ ಅದೇ ಜಾಗಕ್ಕೆ ಬಂದು ನಿಲ್ಲುತ್ತಾನೆ. ಎಂಸಿಎಲ್-1ನ್ನೂ ತಡೆಯೋಣ ಅಂದರೆ, ಹೃದಯದ ಕೋಶಗಳಿಗೂ ಅದು ಬೇಕು.

ಅದಕ್ಕೇ ನನಗೆ ಬಿಎಚ್3 ಪ್ರೊಫೈಲಿಂಗ್ ಇಷ್ಟ. ಕೋಶಗಳಿಗೆ ಈ ನೆಂಟರಲ್ಲಿ ಒಬ್ಬೊಬ್ಬರನ್ನು ತಡೆಯುವ ಬೇರೆ ಬೇರೆ ಸಣ್ಣ ಪೆಪ್ಟೈಡ್ (ಪ್ರೋಟೀನ್ ತುಣುಕು) ಕೊಟ್ಟು, ಯಾವುದಕ್ಕೆ ಮೈಟೋಕಾಂಡ್ರಿಯಾ ಸೋರುತ್ತದೆ ಅಂತ ನೋಡುತ್ತಾರೆ. ಕೋಶ ಯಾರನ್ನು ನೆಚ್ಚಿ ಬದುಕಿದೆ ಅನ್ನುವುದು ಅಲ್ಲಿ ನೇರವಾಗಿ ತಿಳಿಯುತ್ತದೆ. ತೊಂದರೆ ಒಂದೇ: ಜೀವಂತ ಕೋಶಗಳೇ ಬೇಕು. ಮೇಣದಲ್ಲಿ ಕೂರಿಸಿಟ್ಟ ಬಯಾಪ್ಸಿ ತುಂಡಿನಲ್ಲಿ ಇದು ನಡೆಯುವುದಿಲ್ಲ.