ಮಂಗಳೂರಿಗೆ ಹೊಂಟ ಹುಡುಗನ ಬ್ಯಾಗಿಗೆ ನಾಕೈದು ಪುಸ್ತಕ

ನಮ್ಮ ತಮ್ಮನ ಮಗ ಈ ವರ್ಷ ಮಂಗಳೂರಿಗೆ ಥಿಯಾಲಜಿ, ಅಂದ್ರ ಪಾಸ್ಟರ್ ಆಗೋರು ಕಲಿಯೋ ದೇವಶಾಸ್ತ್ರ, ಓದಾಕ ಹೊಂಟಾನ. ಹೋದ ಭಾನುವಾರ ಆರಾಧನಿ ಮುಗಿಸ್ಕೊಂಡು ಸೀದಾ ನಮ್ಮ ಮನಿಗೆ ಬಂದು "ಅತ್ತಿ, ಕಾಲೇಜು ಚಾಲೂ ಆಗೋದ್ರೊಳಗ ಏನೇನು ಓದ್ಲಿ ಹೇಳು" ಅಂದ. ಮೊಬೈಲ್‌ನಾಗ ಯಾರೋ ಕಳಿಸಿದ ಉದ್ದನ್ನ ಪಟ್ಟಿ ಇತ್ತು, ಚರ್ಚಿನ ಸಭೆ ಬೆಳಸೋದು ಹೆಂಗ, ಲೀಡರ್ ಆಗೋದು ಹೆಂಗ, ಮಂದಿ ಮನಸ್ಸು ಗೆಲ್ಲೋ ಹಂಗ ಪ್ರಸಂಗ (ಚರ್ಚಿನಾಗಿನ ಉಪದೇಶ) ಮಾಡೋದು ಹೆಂಗ, ಬರೇ ಹೆಂಗ ಹೆಂಗ ಅನ್ನೋ ಪುಸ್ತಕನ. ಅವು ಬ್ಯಾಡ ಅನ್ನಂಗಿಲ್ಲ, ಆದ್ರ ಮೊದಲ ಅವನ್ನ ಓದಬ್ಯಾಡಪ್ಪಾ ಅಂದೆ. ಅವನಿಗೆ ಹೇಳಿದ್ದನ್ನ ಇಲ್ಲೂ ಬರೀತೇನಿ, ಸಂಡೇ ಸ್ಕೂಲ್ ಟೀಚರ್‌ಗಳು, ಸ್ತ್ರೀಯರ ಕೂಟದವರು ಇದನ್ನ ಕೇಳ್ತಾನ ಇರ್ತಾರ.

ಅದಕ್ಕ ಮೊದಲ ನಮ್ಮ ಅಪ್ಪನ ವಿಷಯ ಹೇಳಬೇಕು. ಅಪ್ಪಗ ಆರಾಮಿಲ್ಲದಾಗ ಹುಬ್ಬಳ್ಳ್ಯಾಗ 19 ದಿನ ದವಾಖಾನ್ಯಾಗ ಇದ್ವಿ. ನೋಡಾಕ ಭಾಳ ಮಂದಿ ಬಂದ್ರು. ಅದರಾಗ ಚರ್ಚಿನ ಸೇವೆ ಮಾಡೋ ಒಬ್ಬರು ಬಂದು ನಿಂತಲ್ಲೇ ಬೈಬಲ್ಲಿನ ನಾಕು ವಚನ ಹೇಳಿ, ಪ್ರಾರ್ಥನಿ ಮಾಡಿ, ಹೋಗೋ ಮುಂದ ನಮ್ಮ ಅವ್ವಗ "ನಿಮ್ಮ ಮನ್ಯಾಗ ನಂಬಿಕಿ ಸಾಲವಲ್ದು, ಅದಕ್ಕ ಹಿಂಗಾಗೇತಿ" ಅಂದು ಹೋದ್ರು. ಅವ್ವ ಆ ರಾತ್ರಿ ಪೂರಾ ಅತ್ಲು. ಮರುದಿನ ನಮ್ಮ ಚರ್ಚಿನ ಒಬ್ಬ ವಯಸ್ಸಾದ ಅಮ್ಮ ಡಬ್ಬ್ಯಾಗ ಗಂಜಿ ತಗೊಂಡು ಬಂದು, ಬೆಂಚಿನ ಮ್ಯಾಲ ಅವ್ವನ ಕೈ ಹಿಡ್ಕೊಂಡು ಎರಡು ತಾಸು ಕುಂತ್ಲು. ಒಂದು ವಚನ ಹೇಳಲಿಲ್ಲ. ಅವ್ವ ಮಾತಾಡಿದ್ಲು, ಆಕಿ ಕೇಳಿದ್ಲು, ಅಷ್ಟ. ಆ ಡಬ್ಬಿ ಇವತ್ತಿಗೂ ನನ್ನ ಕಣ್ಣಮುಂದ ಐತಿ.

ಅಪ್ಪ ತೀರಿಕೊಂಡ ಮ್ಯಾಲ ಸತ್ಯವೇದದಾಗಿನ (ಬೈಬಲ್ಲಿನ) ಯೋಬನ ಪುಸ್ತಕ, ಎಲ್ಲಾ ಕಳಕೊಂಡು ನರಳೋ ಒಬ್ಬನ ಕಥಿ, ಮತ್ತ ಓದಿದೆ. ಅದರಾಗ 2ನೇ ಅಧ್ಯಾಯದ ಕಡೀ ವಚನ ಐತಲ್ಲ, ಯೋಬನ ಮೂರು ಮಂದಿ ಗೆಳ್ಯಾರು ಬಂದು ಏಳು ದಿನ ಏಳು ರಾತ್ರಿ ಅವನ ಕೂಡ ನೆಲದ ಮ್ಯಾಲ ಕುಂತ್ರು, ಒಬ್ಬರೂ ಒಂದು ಮಾತಾಡಲಿಲ್ಲ, ಅವನ ನೋವು ಅಷ್ಟು ದೊಡ್ಡದಿತ್ತು ಅಂತ. ಅವರು ಮಾಡಿದ್ದರಾಗ ಅದ ಖರೇ ಸೇವೆ ಅಂತ ನನಗನಸ್ತೈತಿ, ಮುಂದ ಬಾಯಿ ತೆಗೆದ ಮ್ಯಾಲ ಎಲ್ಲಾ ಕೆಟ್ಟಿತು. ಅದಕ್ಕ ಹುಡುಗಗ ನಾ ಹೇಳಿದ ಮೊದಲನೇ ಪುಸ್ತಕ ಯೋಬ, ಆಮ್ಯಾಲ ಸತ್ಯವೇದದ ಕೀರ್ತನೆಗಳು, ಅದರಾಗೂ 88ನೇದು. ಅದು ಕತ್ತಲಿ ಅನ್ನೋ ಮಾತಿನಾಗ ಮುಗಿತೈತಿ, ಕಡೀಕ ಸಮಾಧಾನದ ಒಂದು ಸಾಲಿಲ್ಲ. ಅಂಥಾ ಪ್ರಾರ್ಥನಿನೂ ಸತ್ಯವೇದದಾಗ ಐತಿ ಅಂತ ಗೊತ್ತಿರೋ ಸಭಾಪಾಲಕ (ಪಾಸ್ಟರ್), ಅಳೋ ಮನಿಗೆ ಹೋದಾಗ ಅವಸರ ಮಾಡಂಗಿಲ್ಲ.

ಎರಡನೇದು ಬೊನ್‌ಹೋಫರ್ ಅವರ ಲೈಫ್ ಟುಗೆದರ್. ಜರ್ಮನ್ ಪಾಸ್ಟರ್, ಹಿಟ್ಲರ್‌ನ ವಿರುದ್ಧ ನಿಂತು 1945ರ ಏಪ್ರಿಲ್ 9ಕ್ಕ ಗಲ್ಲಿಗೇರಿದವರು. ಫಿಂಕನ್‌ವಾಲ್ಡೆ ಅನ್ನೋ ಊರಾಗ ಸೇವೆಗೆ ತಯಾರಾಗೋ ಹುಡುಗರ ಕೂಡ ಒಂದ ಮನ್ಯಾಗ ಇದ್ದು, ಉಂಡು, ಪ್ರಾರ್ಥಿಸಿ ಕಲಿಸಿದ್ರು, 1937ರಾಗ ಪೊಲೀಸರು ಅದನ್ನ ಮುಚ್ಚಿಸಿದ್ರು, ಆ ಅನುಭವದ ಮ್ಯಾಲ ಬರೆದ ಪುಸ್ತಕ 1939ರಾಗ ಬಂತು. ಸಣ್ಣದು, ಆದ್ರ ಒಂದ ದಿನದಾಗ ಓದಿ ಮುಗಿಸಬ್ಯಾಡ್ರಿ. ಸಭ್ಯಾಗ ಒಬ್ಬರಿಗೊಬ್ಬರು ಮಾಡಬೇಕಾದ ಮೊದಲನೇ ಸೇವೆ ಕೇಳೋದು ಅಂತಾರ ಅವರು. ಪ್ರಸಂಗ ಮಾಡೋರಿಗೆ ಎಲ್ಲಿ ಹೋದ್ರೂ ತಾವೊಂದು ಮಾತು ಹೇಳಲೇಬೇಕು ಅಂತ ಅನಸ್ತೈತಿ, ಆದ್ರ ಸಹೋದರನ ಮಾತು ಕೇಳಾಕ ಆಗದವ ಸ್ವಲ್ಪ ದಿನಕ್ಕ ದೇವರ ಮಾತೂ ಕೇಳದಂಗಾಗ್ತಾನ ಅಂತಾರ. ಇದನ್ನ ಓದಿದಾಗ ನನಗ ದವಾಖಾನಿ ಬೆಂಚು ನೆನಪಾತು. ಇನ್ನೊಂದು ಮಾತೂ ಯೂತ್ ಫೆಲೋಶಿಪ್ ನಡಸೋರು ಬರೆದಿಟ್ಕೋಬೇಕು: ಸಭೆ ಹಿಂಗಿರಬೇಕು ಅನ್ನೋ ತನ್ನ ಕನಸನ್ನ, ಎದುರಿಗಿರೋ ಸಭೆಗಿಂತ ಹೆಚ್ಚು ಪ್ರೀತಿ ಮಾಡೋವ ಸಭೆನ ಒಡೀತಾನ.

ಬ್ರದರ್ ಲಾರೆನ್ಸ್ ಬಗ್ಗೆ ಹೆಣ್ಣುಮಕ್ಕಳಿಗೆ ಹೆಚ್ಚು ಹೇಳತೇನಿ. 17ನೇ ಶತಮಾನದಾಗ ಪ್ಯಾರಿಸ್‌ನ ಒಂದು ಮಠದಾಗ ಅಡಗಿ ಮಾಡ್ತಿದ್ದವರು, ಅದಕ್ಕೂ ಮೊದಲ ಸೈನಿಕರು, ಕಾಲಿಗೆ ಗಾಯ ಆಗಿತ್ತು. ಅಡಗಿ ಕೆಲಸ ಅವರಿಗೆ ಸೇರತಿದ್ದಿಲ್ಲ, ಆದ್ರೂ ಸುಮಾರು 15 ವರ್ಷ ಅಲ್ಲೇ ದುಡುದ್ರು. ಪಾತ್ರಿ ಸಪ್ಪಳದಾಗ, ನಾಕು ಮಂದಿ ನಾಕು ಕಡಿಂದ ಕರೀತಿದ್ರೂ, ಮೊಣಕಾಲೂರಿದಾಗ ಎಷ್ಟು ಶಾಂತಿಯಿಂದ ದೇವರ ಹತ್ರ ಇರ್ತೇನೋ ಅಷ್ಟ ಶಾಂತಿಯಿಂದ ಇಲ್ಲೂ ಇರ್ತೇನಿ ಅಂತಿದ್ರು. ಅವರು 1691ರಾಗ ತೀರಿಕೊಂಡ ಮ್ಯಾಲ ಪತ್ರ, ಮಾತುಕತಿ ಎಲ್ಲಾ ಕೂಡಿಸಿ ಪುಸ್ತಕ ಮಾಡಿದ್ರು, ಇಂಗ್ಲಿಷಿನಾಗ ದಿ ಪ್ರಾಕ್ಟೀಸ್ ಆಫ್ ದಿ ಪ್ರೆಸೆನ್ಸ್ ಆಫ್ ಗಾಡ್ ಅಂತ ಸಿಗತೈತಿ. ಮುಂಜಾನೆ ಧ್ಯಾನಕ್ಕ ಟೈಮ್ ಸಿಗವಲ್ದು ಅಂತ ಕಣ್ಣಾಗ ನೀರು ತಗೊಂಡು ಹೇಳೋ ತಾಯಂದ್ರಿಗೆ ನಾ ಇದನ್ನ ಕೊಡತೇನಿ. ರೊಟ್ಟಿ ಬಡಿಯೋ ಮುಂದ ನಾನೂ ಅವರ ಹಂಗ ಮಾಡಿ ನೋಡೇನಿ, ಹೆಂಚಿನ ಮ್ಯಾಲ ಒಂದೊಂದು ರೊಟ್ಟಿ ಹಾಕೋ ಮುಂದ ಒಬ್ಬೊಬ್ಬರ ಹೆಸರು ದೇವರ ಮುಂದ ಇಡೋದು.

ಇನ್ನ ಪಂಡಿತಾ ರಮಾಬಾಯಿ. ಇವರದು ಓದದ ಯಾರೂ ಸೇವೆಗೆ ಹೋಗಬಾರದು ಅಂತೇನಿ, ಸ್ವಲ್ಪ ಜೋರಾಗೇ ಅಂತೇನಿ. ನಮ್ಮ ಪಶ್ಚಿಮ ಘಟ್ಟದ ಗಂಗಾಮೂಲದ ಕಾಡಿನಾಗ 1858ರಾಗ ಹುಟ್ಟಿದವರು. ಹೆಣ್ಣುಮಕ್ಕಳಿಗೆ ಸಂಸ್ಕೃತ ಕಲಿಸಬಾರದು ಅನ್ನೋ ಕಾಲದಾಗ ತಂದಿ ಹೆಂಡ್ತಿಗೆ ಕಲಿಸಿದ್ರು, ಆ ತಾಯಿ ಮಗಳಿಗೆ ಕಲಿಸಿದ್ರು. ಬರಗಾಲದಾಗ ತಂದಿ ತಾಯಿ ಹೋದ್ರು, ನಡಕೊಂತ ನಡಕೊಂತ ದೇಶ ತಿರುಗಿದ್ರು, 1883ರಾಗ ಇಂಗ್ಲೆಂಡಿನಾಗ ದೀಕ್ಷಾಸ್ನಾನ ತಗೊಂಡು ಕ್ರೈಸ್ತರಾದ್ರು. ಆಮ್ಯಾಲ ಪುಣೆ ಹತ್ರ ಕೇಡಗಾಂವ್‌ನಾಗ ಮುಕ್ತಿ ಅಂತ ಆಶ್ರಮ ಕಟ್ಟಿ ವಿಧವೆಯರನ್ನ, ಬರದಾಗ ಸಿಕ್ಕ ಹುಡುಗ್ಯಾರನ್ನ ಸಾಕಿದ್ರು, ಹೀಬ್ರೂ ಗ್ರೀಕ್ ಕಲಿತು ಓದು ಬರಹ ಕಮ್ಮಿ ಇದ್ದವರಿಗೂ ತಿಳಿಯೋ ಹಂಗ ಸತ್ಯವೇದನ ಮರಾಠಿಗೆ ತಂದ್ರು. 1907ರಾಗ ಬರೆದ ಅವರ ಸಾಕ್ಷಿ, ಅಂದ್ರ ತಮ್ಮ ನಂಬಿಕಿ ಕಥಿ, ಸಣ್ಣದು. ಅದರಾಗ ಅವರು ಹೇಳೋ ಒಂದು ಮಾತು ನನ್ನ ಒಳಗ ಕುಂತುಬಿಟ್ಟೈತಿ: ದೀಕ್ಷಾಸ್ನಾನ ಆಗಿ ವರ್ಷಗಟ್ಟಲೆ ಆದ ಮ್ಯಾಲ, ನನಗ ಕ್ರೈಸ್ತ ಧರ್ಮ ಸಿಕ್ಕೈತಿ, ಕ್ರಿಸ್ತ ಸಿಕ್ಕಿಲ್ಲ ಅಂತ ಗೊತ್ತಾತು ಅಂತಾರ. ಮೂರು ನಾಕು ತಲಿಯಿಂದ ಕ್ರೈಸ್ತರಾಗಿರೋ ನಮ್ಮಂಥ ಮನಿತನದವರು, ಬಾಯಿಪಾಠಕ್ಕ ವಚನ, ಕ್ರಿಸ್‌ಮಸ್‌ಗೆ ಕ್ಯಾರಲ್ ಅಂತ ಬೆಳೆದವರು, ಇದನ್ನ ಓದಿ ಪುಸ್ತಕ ಮುಚ್ಚಿ ಸ್ವಲ್ಪ ಹೊತ್ತು ಸುಮ್ಮನ ಕುಂಡ್ರಬೇಕು.

ಹೆನ್ರಿ ನೋವೆನ್ ಅವರ ಇನ್ ದಿ ನೇಮ್ ಆಫ್ ಜೀಸಸ್ ಸೇವೆಗೆ ಹೋಗಿ ಐದಾರು ವರ್ಷ ಆದವರಿಗೆ. ಹಾರ್ವರ್ಡ್‌ನಾಗ ಪಾಠ ಹೇಳ್ತಿದ್ದ ಕ್ಯಾಥೋಲಿಕ್ ಪಾದ್ರಿ, ಅದನ್ನ ಬಿಟ್ಟು ಟೊರಾಂಟೊ ಹತ್ರ ಬುದ್ಧಿಮಾಂದ್ಯರ ಕೂಡ ಇರಾಕ ಹೋದ್ರು. ಅಲ್ಲಿಯವರು ಅವರ ಪುಸ್ತಕ ಓದಿದ್ದಿಲ್ಲ, ಅವರ ಹೆಸರು ನೋಡಿ ಯಾರೂ ಮರ್ಯಾದಿ ಕೊಡತಿದ್ದಿಲ್ಲ, ಅದ ಅವರನ್ನ ಗುಣ ಮಾಡ್ತು.

ಇವೆಲ್ಲಾ ಇಂಗ್ಲಿಷಿನಾಗ ಅದಾವಲ್ರಿ ಅಂತೀರಿ, ಖರೇ. ನಮ್ಮ ಗುರುವಾರದ ಕೂಟದಾಗ ಒಬ್ಬರು ಒಂದು ಪುಟ ಓದಿ ಕನ್ನಡದಾಗ ಹೇಳ್ತಾರ, ಉಳಿದವರು ಕೇಳ್ತಾರ, ಒಂದೊಂದು ಸಲ ತಾಸಿನಾಗ ಒಂದ ಪುಟ ಆಗತೈತಿ. ಈ ಹೇಳೋ ಕೆಲಸ ಹಗುರಂತಿಲ್ಲ. ಜರ್ಮನ್ ಮಿಶನರಿ ಕಿಟೆಲ್ ಸಾಹೇಬ್ರು 1853ರಾಗ ಬಂದು ನಮ್ಮ ಧಾರವಾಡದಾಗೂ ಇದ್ರು, 1894ರಾಗ ಅವರ ಸುಮಾರು 70,000 ಶಬ್ದದ ಕನ್ನಡ-ಇಂಗ್ಲಿಷ್ ನಿಘಂಟು ಬಂತು. ಅಷ್ಟು ಶಬ್ದ ಸಿಗಬೇಕಾದ್ರ ನಮ್ಮ ಮಂದಿ ಮಾತು ಎಷ್ಟು ವರ್ಷ ಕಿವಿಗೊಟ್ಟು ಕೇಳಿರಬೇಕು.

ಕನ್ನಡದಾಗ ಇರೋದು ಅಂದ್ರ ಇಂಗ್ಲೆಂಡಿನ ಜಾನ್ ಬನಿಯನ್ ಅವರ ಯಾತ್ರಿಕನ ಸಂಚಾರ, ಬಾಸೆಲ್ ಮಿಶನ್ ಅನ್ನೋ ಮಿಶನರಿ ಸಂಸ್ಥೆಯವರು ಭಾಳ ಕಾಲದ ಹಿಂದ ತಂದಿದ್ದು. ಬನಿಯನ್ ಪರವಾನಗಿ ಇಲ್ಲದ ಪ್ರಸಂಗ ಮಾಡಿದ್ದಕ್ಕ 1660ರಿಂದ 12 ವರ್ಷ ಜೈಲಿನಾಗ ಇದ್ರು, ಮನ್ಯಾಗ ಕಣ್ಣಿಲ್ಲದ ಮಗಳು. ನಮ್ಮ ಆಯಿ ಅದರಾಗಿನ ಸಂಶಯದ ಕೋಟೆಯ ಕಥಿ ಹೇಳ್ತಿದ್ಲು: ನಿರಾಶೆ ಅನ್ನೋ ರಾಕ್ಷಸ ಯಾತ್ರಿಕನ್ನ, ಅವನ ಗೆಳೆಯನ್ನ ಬುಧವಾರದಿಂದ ಶನಿವಾರದ ತನಕ ಕತ್ತಲಿ ಕೋಣ್ಯಾಗ ಹಾಕಿ ಹೊಡೀತಾನ, ಕಡೀಕ ಯಾತ್ರಿಕಗ ನೆನಪಾಗತೈತಿ, ವಾಗ್ದಾನ ಅನ್ನೋ ಕೀಲಿ ತನ್ನ ಎದಿಯೊಳಗ ಮೊದಲಿಂದನ ಐತಿ ಅಂತ. ಹೇಳೋ ಮುಂದ ಆಯಿ ತನ್ನ ಎದಿ ಮ್ಯಾಲ ಕೈ ಇಟ್ಕೋತಿದ್ಲು.

ಆಯಿ ಓದಿದ ಆ ಪುಸ್ತಕ ರಟ್ಟು ಬಿಚ್ಚಿ ಬಂದೈತಿ, ಕೊಡಬಾರದು ಅಂತ ಇದ್ದೆ. ಹುಡುಗ ಉಳಿದವು ಬ್ಯಾಗಿಗೆ ಹಾಕ್ಕೊಂಡು "ಅದನ್ನೂ ಕೊಡ್ತಿ ಏನ್ ಅತ್ತಿ" ಅಂದ. ಆಯಿಯ ಹಳೇ ಇಳಕಲ್ ಸೀರಿ ತುಂಡಿನಾಗ ಸುತ್ತಿ ಕೊಟ್ಟೇನಿ. ಕ್ರಿಸ್‌ಮಸ್ ರಜಾಕ್ಕ ಬಂದಾಗ ವಾಪಸ್ ತರಬೇಕು, ಬಂದ ದಿನ ಅಡಗಿಮನ್ಯಾಗ ಕುಂತು ಆ ಕೋಟೆಯ ಕಥಿ ಅವ ಹೇಳಬೇಕು, ನಾ ಕೇಳಬೇಕು ಅಂತ ಮಾತಾಗೇತಿ.