ಒಪ್ಪಂದವಾದ ಮೇಲೆ ಹುಟ್ಟಿದವಳು

ಮಳೆಗಾಲದ ಒಂದು ಭಾನುವಾರ ಅಕ್ಕನ ಮನೆಯಲ್ಲಿ ಊಟ ಮುಗಿಸಿ ‘ಬ್ರೈಡ್ ಆಫ್ ಫ್ರಾಂಕನ್‌ಸ್ಟೈನ್’ ಹಾಕಿದೆ. 1935ರ ಕಪ್ಪು-ಬಿಳುಪು ಚಿತ್ರ, ಜೇಮ್ಸ್ ವೇಲ್ ನಿರ್ದೇಶನದ್ದು, ಒಂದೂಕಾಲು ಗಂಟೆಯಷ್ಟೇ. “ದೆವ್ವದ ಸಿನಿಮಾ ಬೇಡ ಕಣೇ” ಅಂದಳು ಅಕ್ಕ. ಆದರೂ ಒಗೆದ ಬಟ್ಟೆ ಮಡಚುತ್ತಾ ಪಕ್ಕದಲ್ಲೇ ಕೂತಳು.

ಅವಳ ಕೈ ನಿಂತಿದ್ದು ಕುರುಡ ಮುದುಕನ ದೃಶ್ಯದಲ್ಲಿ. ವಿಜ್ಞಾನಿ ಫ್ರಾಂಕನ್‌ಸ್ಟೈನ್ ಹೆಣಗಳ ತುಂಡು ಜೋಡಿಸಿ ಜೀವ ಕೊಟ್ಟ, ಊರವರೆಲ್ಲ ಅಟ್ಟಾಡಿಸಿದ ದೈತ್ಯ ಕಾಡಿನಲ್ಲಿ ಪಿಟೀಲಿನ ನಾದ ಕೇಳಿಸಿಕೊಂಡು ಗುಡಿಸಲಿಗೆ ಬರುತ್ತಾನೆ. ಮುದುಕನಿಗೆ ಆ ಮುಖ ಕಾಣುವುದಿಲ್ಲ, ಹಾಗಾಗಿ ಹೆದರಿಕೆಯೂ ಇಲ್ಲ. ಕೂರಿಸಿ ಸೂಪು ಕೊಡುತ್ತಾನೆ. ಮಲಗಿಸಿ, ಕೊನೆಗೂ ಒಬ್ಬ ಗೆಳೆಯನನ್ನು ಕಳಿಸಿದೆಯಲ್ಲ ಎಂದು ದೇವರಿಗೆ ಕೈಮುಗಿದು ಅಳುತ್ತಾನೆ. ದೈತ್ಯನ ಕೆನ್ನೆಯ ಮೇಲೂ ಒಂದು ಹನಿ ಜಾರುತ್ತದೆ. ಆಮೇಲೆ ಮುದುಕ ಅವನಿಗೆ ಮಾತು ಕಲಿಸುತ್ತಾನೆ: ಒಂಟಿತನ ಕೆಟ್ಟದ್ದು, ಸ್ನೇಹ ಒಳ್ಳೆಯದು. ದೈತ್ಯ ಮಾತಾಡುವುದು ನಟ ಬೋರಿಸ್ ಕಾರ್ಲಾಫ್‌ಗೆ ಇಷ್ಟವಿರಲಿಲ್ಲ. ನನಗಂತೂ ಆ ನಾಲ್ಕು ಮಾತಿಲ್ಲದೆ ಈ ಚಿತ್ರವೇ ಇಲ್ಲ.

ಬೇಟೆಗಾರರಿಬ್ಬರು ಬಂದು ಆ ಸುಖವನ್ನೂ ಮುರಿಯುತ್ತಾರೆ. ಫ್ರಾಂಕನ್‌ಸ್ಟೈನ್‌ನ ಹಳೆಯ ಗುರು ಡಾಕ್ಟರ್ ಪ್ರಿಟೋರಿಯಸ್ ಹಿಡಿಯುವುದು ಇದೇ ಹಸಿವನ್ನು. ನಿನಗೊಬ್ಬ ಗೆಳತಿಯನ್ನು ಮಾಡಿಕೊಡುತ್ತೇವೆ ಅನ್ನುತ್ತಾನೆ. ಬೇಡವೆಂದ ಫ್ರಾಂಕನ್‌ಸ್ಟೈನ್‌ನ ಹೆಂಡತಿಯನ್ನೇ ಹೊತ್ತೊಯ್ದು ಅವನನ್ನು ಒಪ್ಪಿಸುತ್ತಾರೆ.

ಗುಡುಗು-ಮಿಂಚಿನ ರಾತ್ರಿ, ಗೋಪುರದ ಮೇಲೆ ಗಾಳಿಪಟ ಹಾರಿಸಿ ಮಿಂಚನ್ನು ಇಳಿಸಿಕೊಳ್ಳುತ್ತಾರೆ. ಫ್ರಾಂಜ್ ವ್ಯಾಕ್ಸ್‌ಮನ್‌ರ ಸಂಗೀತದಲ್ಲಿ ನಗಾರಿ ಎದೆಬಡಿತದಂತೆ ಹೊಡೆದುಕೊಳ್ಳುತ್ತದೆ. ಬ್ಯಾಂಡೇಜಿನ ಸಂದಿಯಲ್ಲಿ ಎರಡು ಕಣ್ಣು ತೆರೆಯುತ್ತವೆ. ಮುಂದಿನ ನೋಟದಲ್ಲಿ ಅವಳು ನಿಂತಿದ್ದಾಳೆ. ಮೈತುಂಬ ಬಿಳಿ ನಿಲುವಂಗಿ, ನೆಟ್ಟಗೆ ಮೇಲೆದ್ದ ಕೂದಲು, ಕಿವಿಯ ಪಕ್ಕದಿಂದ ಏರಿದ ಬಿಳಿ ಗೆರೆ. ಕತ್ತನ್ನು ಥಟ್ಟನೆ ಅತ್ತ ಇತ್ತ ತಿರುಗಿಸುತ್ತಾಳೆ. ಸಂಗೀತದಲ್ಲಿ ಮದುವೆಯ ಗಂಟೆ.

ದೈತ್ಯ ಕೈ ಚಾಚಿ “ಫ್ರೆಂಡ್?” ಅಂತ ಕೇಳುತ್ತಾನೆ. ಅವಳು ಕಿರುಚುತ್ತಾಳೆ. ಕೂರಿಸಿಕೊಂಡು ಕೈ ಸವರಿದರೆ ಮತ್ತೆ ಕಿರುಚುತ್ತಾಳೆ. ಕೊನೆಗೆ ಬುಸುಗುಡುತ್ತಾಳೆ. ಆ ಸದ್ದನ್ನು ಈ ವಧುವಿನ ಪಾತ್ರದ ನಟಿ ಎಲ್ಸಾ ಲ್ಯಾಂಚೆಸ್ಟರ್ ಕಲಿತದ್ದು ಲಂಡನ್ನಿನ ರೀಜೆಂಟ್ಸ್ ಪಾರ್ಕಿನ ಹಂಸಗಳಿಂದ. ಚಿತ್ರಕ್ಕೆ ಆ ವಧುವಿನದೇ ಹೆಸರು, ಆದರೆ ತೆರೆಯ ಮೇಲೆ ಇರುವುದು ಕೆಲವೇ ನಿಮಿಷ. ಅವಳಿಗೆ ಒಂದೇ ಒಂದು ಮಾತಿಲ್ಲ.

“ಪಾಪ ಕಣೇ ಅವನು, ಎಷ್ಟು ಆಸೆ ಇಟ್ಕೊಂಡಿದ್ದ” ಅಂದಳು ಅಕ್ಕ.

“ಅವಳನ್ನ ಯಾರಾದ್ರೂ ಕೇಳಿದ್ರಾ?”

ಅಕ್ಕ ಸ್ವಲ್ಪ ಹೊತ್ತು ಸುಮ್ಮನಿದ್ದು, “ಮಾತುಕತೆ ಎಲ್ಲ ಮುಗಿಸಿ ಆಮೇಲೆ ಹುಡುಗೀನ ಕರೆದ ಹಾಗಾಯ್ತು” ಅಂದಳು.

ಈ ಕಥೆಗೆ ಮೂಲವಾದ, 1818ರಲ್ಲಿ ಅಚ್ಚಾದ ಮೇರಿ ಶೆಲ್ಲಿಯ ‘ಫ್ರಾಂಕನ್‌ಸ್ಟೈನ್’ ಕಾದಂಬರಿಯಲ್ಲಿ ವಿಜ್ಞಾನಿ ಈ ಹೆಣ್ಣನ್ನು ಮುಗಿಸುವುದೇ ಇಲ್ಲ, ಅರ್ಧಕ್ಕೆ ಕಿತ್ತು ಹಾಕುತ್ತಾನೆ. ಅವನ ಅಂಜಿಕೆಗಳಲ್ಲಿ ಒಂದು ಇದು: ತಾನು ಹುಟ್ಟುವ ಮೊದಲೇ ಆದ ಒಪ್ಪಂದಕ್ಕೆ ಅವಳು ಒಪ್ಪದೆ ಹೋದರೆ? ಪುಸ್ತಕದಲ್ಲಿ ಬರೀ ಅಂಜಿಕೆಯಾಗಿದ್ದದ್ದು ಚಿತ್ರದಲ್ಲಿ ನಡೆದೇಬಿಡುತ್ತದೆ. ಆ ಕಿರುಚಾಟ ಬರೀ ಹೆದರಿಕೆಯದ್ದು ಅಂತ ನನಗೆ ಅನ್ನಿಸುವುದಿಲ್ಲ. ಅದು ಅವಳ “ಒಲ್ಲೆ.”

ಅದಕ್ಕೇ ಕೊನೆಯ ದೃಶ್ಯ ನನಗೆ ಸಂಕಟ ಕೊಡುತ್ತದೆ. ಫ್ರಾಂಕನ್‌ಸ್ಟೈನ್ ಗಂಡ-ಹೆಂಡತಿಯನ್ನು ದೈತ್ಯ, ಹೋಗಿ ಬದುಕಿ ಎಂದು ಬಿಟ್ಟುಕೊಡುತ್ತಾನೆ. ಪ್ರಿಟೋರಿಯಸ್‌ಗೂ ಅವಳಿಗೂ ಸೇರಿಸಿ, ನಾವು ಸತ್ತವರ ಕಡೆಯವರು ಎಂದು ತೀರ್ಮಾನಿಸಿ, ಗೋಪುರವನ್ನೇ ಸಿಡಿಸುವ ಸನ್ನೆಗೋಲನ್ನು ಎಳೆಯುತ್ತಾನೆ. ಅವನ ಕಣ್ಣೀರು ನಿಜ, ಅವನ ಒಂಟಿತನ ನಿಜ. ಆದರೆ ಆಗತಾನೇ ಕಣ್ಣು ಬಿಟ್ಟ ಜೀವ ಅವಳು. ಸಾಯುವುದಕ್ಕೂ ಅವಳನ್ನು ಕೇಳುವವರಿರಲಿಲ್ಲ.