ನರತಂತುವಿನ ತುದಿ ದಾರಿ ಹಿಡಿಯುವ ಬಗೆ

ರಾಯಚೂರಿನಲ್ಲಿ ನಾನು ಪಾಠ ಮಾಡುವ ಪದವಿ ಕಾಲೇಜಿನ ಪ್ರಾಣಿಶಾಸ್ತ್ರ ಪ್ರಯೋಗಾಲಯದಲ್ಲಿ ಕೋಳಿ ಭ್ರೂಣದ 48 ಮತ್ತು 72 ಗಂಟೆಗಳ ಸ್ಲೈಡುಗಳನ್ನು ಗುರುತಿಸಿ ಚಿತ್ರ ಬರೆಯಲು ವಿದ್ಯಾರ್ಥಿಗಳು ಬೇಗ ಕಲಿಯುತ್ತಾರೆ. ಆದರೆ 72 ಗಂಟೆಗಳ ಹೊತ್ತಿಗಾಗಲೇ ಅಲ್ಲಿಯ, ಮುಂದೆ ಮಿದುಳು ಮತ್ತು ಬೆನ್ನುಹುರಿಯಾಗುವ ನರನಾಳದಲ್ಲಿ ನರಕೋಶಗಳ ಉದ್ದನೆಯ ಎಳೆಗಳಾದ ನರತಂತುಗಳು ತಮ್ಮ ಗುರಿಯತ್ತ ಹೊರಟಿರುತ್ತವೆ ಎಂಬ ಸಂಗತಿ ತರಗತಿಯಲ್ಲಿ ಚರ್ಚೆಗೆ ಬರುವುದು ಅಪರೂಪ.

ಬೆಳೆಯುವ ತಂತುವಿನ ತುದಿಯಲ್ಲಿರುವ ಉಬ್ಬನ್ನು 1890ರಲ್ಲಿ ಸ್ಪೇನಿನ ಸಾಂಟಿಯಾಗೊ ರಾಮೋನ್ ಇ ಕಾಹಾಲ್ ಕೋಳಿ ಭ್ರೂಣದಲ್ಲಿಯೇ ಕಂಡು, ಬೆಳವಣಿಗೆಯ ಶಂಕು ಎಂದು ಹೆಸರಿಟ್ಟರು. ಅವರ ಮುಂದಿದ್ದದ್ದು ಬಣ್ಣ ಹಾಕಿದ ನಿರ್ಜೀವ ಅಂಗಾಂಶ. ಆದರೂ ಈ ತುದಿ ರಾಸಾಯನಿಕಗಳ ಜಾಡು ಹಿಡಿದು ಸಾಗುತ್ತಿರಬೇಕೆಂದು ಅವರು ಊಹಿಸಿದ್ದು ನನಗೆ ಇಂದಿಗೂ ಬೆರಗು ಹುಟ್ಟಿಸುತ್ತದೆ. 1907ರಲ್ಲಿ ರಾಸ್ ಹ್ಯಾರಿಸನ್, ಕಪ್ಪೆ ಭ್ರೂಣದ ನರ ಅಂಗಾಂಶವನ್ನು ದುಗ್ಧರಸದ ಹನಿಯಲ್ಲಿರಿಸಿ, ತಂತು ಬೆಳೆಯುವುದನ್ನು ಕಣ್ಣಾರೆ ಕಂಡರು.

ಶಂಕುವಿನಿಂದ ಹೊರಚಾಚುವ ಸೂಕ್ಷ್ಮ ಎಳೆಗಳು ಕುರುಡನ ಕೈಬೆರಳುಗಳಂತೆ ಸುತ್ತಲನ್ನು ತಡವುತ್ತವೆ. ಅವುಗಳ ಪೊರೆಯಲ್ಲಿರುವ, ಸಂಕೇತ ಹಿಡಿಯುವ ಪ್ರೋಟೀನುಗಳಾದ ಗ್ರಾಹಕಗಳಿಗೆ ಒಂದು ಬದಿಯಲ್ಲಿ ಆಕರ್ಷಕ ಪ್ರೋಟೀನು ಹೆಚ್ಚಾಗಿ ಅಂಟಿದರೆ, ಆ ಬದಿಯಲ್ಲಿ ಕ್ಯಾಲ್ಸಿಯಂ ಏರುತ್ತದೆ, ಕೋಶಕ್ಕೆ ಆಕಾರ ಕೊಡುವ ಆಕ್ಟಿನ್ ಎಂಬ ಪ್ರೋಟೀನಿನ ಎಳೆಗಳು ಕಟ್ಟಿಕೊಳ್ಳುತ್ತವೆ, ಕೋಶದೊಳಗಿನ ಆಧಾರಕಂಬಿಗಳಂಥ ಸೂಕ್ಷ್ಮನಾಳಗಳು ಅತ್ತ ನುಗ್ಗುತ್ತವೆ, ಇಡೀ ತಂತು ಅತ್ತಲೇ ತಿರುಗುತ್ತದೆ. ವಿಕರ್ಷಣೆಯಲ್ಲಿ, ಅಂದರೆ ಪ್ರೋಟೀನು ತಂತುವನ್ನು ದೂರ ತಳ್ಳುವಾಗ, ಆ ಬದಿಯ ಆಕ್ಟಿನ್ ಕುಸಿಯುತ್ತದೆ.

ಬೆನ್ನುಹುರಿಯ ಒಂದು ಪಕ್ಕದಿಂದ ಇನ್ನೊಂದು ಪಕ್ಕಕ್ಕೆ ದಾಟುವ ತಂತುಗಳ ವಿಷಯ ಇದಕ್ಕಿಂತ ಸೋಜಿಗದ್ದು. ಎರಡು ಪಕ್ಕಗಳ ನಡುವಿನ ನಡುಗೆರೆಯ ಕೋಶಗಳು ಸ್ರವಿಸುವ, 1994ರಲ್ಲಿ ಕೋಳಿ ಭ್ರೂಣದ ಮಿದುಳಿನಿಂದ ಪ್ರತ್ಯೇಕಿಸಲಾದ ನೆಟ್ರಿನ್ ಎಂಬ ಪ್ರೋಟೀನು ಅವುಗಳನ್ನು ಡಿಸಿಸಿ ಎಂಬ ಗ್ರಾಹಕದ ಮೂಲಕ ಸೆಳೆಯುತ್ತದೆ. ಸೆಳೆತವೊಂದೇ ಇದ್ದಿದ್ದರೆ ತಂತು ನಡುಗೆರೆಯಲ್ಲಿಯೇ ಉಳಿದುಬಿಡಬೇಕಿತ್ತು. ಆದರೆ ದಾಟಿದೊಡನೆ ಶಂಕುವಿನ ಸ್ವಭಾವವೇ ಬದಲಾಗುತ್ತದೆ: ನೆಟ್ರಿನ್‌ನ ಸೆಳೆತ ಕುಂದುತ್ತದೆ, ಅದೇ ಕೋಶಗಳು ಸ್ರವಿಸುವ ಸ್ಲಿಟ್ ಎಂಬ ಪ್ರೋಟೀನಿಗೆ, ಅಲ್ಲಿಯವರೆಗೆ ಅಷ್ಟಾಗಿ ಸ್ಪಂದಿಸದಿದ್ದ ತಂತು ರೋಬೋ ಗ್ರಾಹಕಗಳ ಮೂಲಕ ಸ್ಪಂದಿಸಿ ದೂರ ಸರಿಯುತ್ತದೆ.

ಆದ್ದರಿಂದ ನೆಟ್ರಿನ್ ಆಕರ್ಷಕ, ಸ್ಲಿಟ್ ವಿಕರ್ಷಕ ಎಂದು ಪಟ್ಟಿ ಮಾಡಿ ಬಾಯಿಪಾಠ ಮಾಡುವುದು ಸಾಲದು ಎಂಬುದು ನನ್ನ ದೃಢವಾದ ಅಭಿಪ್ರಾಯ. ಕಪ್ಪೆಯ ನರಕೋಶಗಳ ಮೇಲೆ 1997ರಲ್ಲಿ ನಡೆದ ಪ್ರಯೋಗಗಳಲ್ಲಿ, ಕೋಶದೊಳಗೆ ಸುದ್ದಿ ಸಾಗಿಸುವ ಸಣ್ಣ ಅಣುವಾದ ಸೈಕ್ಲಿಕ್ ಎಎಂಪಿಯ ಸಂಕೇತವನ್ನು ತಡೆದಾಗ, ಅದುವರೆಗೆ ಸೆಳೆಯುತ್ತಿದ್ದ ನೆಟ್ರಿನ್ನೇ ತಂತುವನ್ನು ದೂರ ತಳ್ಳಿತು. ಹೊರಗಿನ ಸಂಕೇತದ ಅರ್ಥವನ್ನು ಕೋಶದ ಒಳಗಿನ ಸ್ಥಿತಿ ನಿರ್ಧರಿಸುತ್ತದೆ.

ಇದು ಮನುಷ್ಯರಿಗೂ ಸಂಬಂಧಿಸಿದ ಮಾತು. ಡಿಸಿಸಿ ಗ್ರಾಹಕದ ಜೀನಿನಲ್ಲಿ ದೋಷವಿರುವ ಕೆಲವರಲ್ಲಿ ನಡುಗೆರೆ ದಾಟಬೇಕಾದ ತಂತುಗಳು ಸರಿಯಾಗಿ ದಾಟಿರುವುದಿಲ್ಲ. ಅವರು ಒಂದು ಕೈಯ ಬೆರಳುಗಳನ್ನು ಮಡಿಚಿದರೆ, ಇನ್ನೊಂದು ಕೈಯ ಬೆರಳುಗಳೂ ಅವರ ಇಚ್ಛೆಯನ್ನು ಕಾಯದೆ ಮಡಿಚಿಕೊಳ್ಳುತ್ತವೆ.